ಕಣ್ಣಿಗೆ ಕಾಣದ್ದನ್ನು ಕಂಡ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಯಾರಾದರೂ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ, ನಾಲ್ವಡಿ ಕೃಷ್ಣರಾಜ ಒಡೆಯರ ಬಗ್ಗೆ ಬರೆಯುವ ತಿಳಿದವರು ಬಹಳ ಜನ ಇದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿ ವ್ಯವಸಾಯಕ್ಕೆ ಇಳಿದವನು. ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಬಂದುಹೋಗುವ ಒಂದು ಹೆಸರನ್ನು ಆರಿಸಿಕೊಂಡಿದ್ದೇನೆ. ಅದು ಹಾಲೆಂಡ್ ದೇಶದ ಆಂಟನಿ ವಾನ್ ಲೀವೆನ್‌ಹುಕ್ ಅವರ ಹೆಸರು. ಅವರಿಗೂ ನಮ್ಮ ಕುರಿ ಹಿಂಡಿಗೂ ಏನು ಸಂಬಂಧ ಎಂದು ಸದಸ್ಯ ಬಂಧುಗಳು ಕೇಳಬಹುದು. ಸಂಬಂಧ ಇದೆ. ಪೂರ್ತಿ ಓದಿದರೆ ತಿಳಿಯುತ್ತದೆ.

ಟಿ. ನರಸೀಪುರ ತಾಲ್ಲೂಕಿನ ಬನ್ನೂರು ಕುರಿ ಎಂದರೆ ನಾಡಿಗೇ ಗೊತ್ತು. ಗಿಡ್ಡ ಕಾಲು, ಅಗಲ ಮೈ, ಬಿಳಿ ಬಣ್ಣ, ಮುಖದ ಮೇಲೆ ಕಂದು. ಮಾಂಸಕ್ಕೆ ಅದಕ್ಕೆ ಸಾಟಿ ಇಲ್ಲ. ನಂಜನಗೂಡು ಕಡೆಯಲ್ಲೂ ನಾಲ್ಕು ಕುರಿ ಕಟ್ಟದ ಸಣ್ಣ ರೈತರ ಮನೆ ಕಮ್ಮಿ. ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ, ಸಾಲದ ಕಂತಿಗೋ ಆಪತ್ಕಾಲಕ್ಕೆ ಒದಗುವ ಬ್ಯಾಂಕು ಅದು. ಆದರೆ ಮಳೆಗಾಲ ಹಿಡಿದ ಮೇಲೆ ಚೆನ್ನಾಗಿದ್ದ ಕುರಿ ಬಡವಾಗುತ್ತದೆ, ಹಿಕ್ಕೆ ಹೋಗಿ ಬೇಧಿ ಆಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ, ಒಂದು ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಿಯಲ್ಲಿ ಸತ್ತು ಬಿದ್ದಿರುತ್ತದೆ. ಕುರಿ ಹೋಗುತ್ತದೆ, ಸಾಲ ಉಳಿಯುತ್ತದೆ. ಕೆಲವರು ದೃಷ್ಟಿ ಆಯ್ತು ಅಂತಾರೆ, ಕೆಲವರು ದೇವರ ಮುನಿಸು ಅಂತಾರೆ. ಬಹಳ ಸಲ ಕಾರಣ ಹೊಟ್ಟೆಯೊಳಗಿನ ಜಂತುಹುಳು, ಇಲ್ಲವೇ ಈಲಿಯೊಳಗಿನ ಚಪ್ಪಟೆ ಹುಳು. ಹುಳು ಕುರಿಯ ಒಳಗಿದೆ, ಅದರ ಮೊಟ್ಟೆ ಬರಿಗಣ್ಣಿಗೆ ಕಾಣುವುದಿಲ್ಲ. ಕಾಣದ ಇಂಥ ಲೋಕವನ್ನು ಮನುಷ್ಯರಿಗೆ ತೋರಿಸಿಕೊಟ್ಟವರೇ ಲೀವೆನ್‌ಹುಕ್.

ಇವರು ಹುಟ್ಟಿದ್ದು 1632ನೇ ಇಸವಿ ಅಕ್ಟೋಬರ್ 24ರಂದು, ಹಾಲೆಂಡಿನ ಡೆಲ್ಫ್ಟ್ ಎಂಬ ಪಟ್ಟಣದಲ್ಲಿ. ಆ ದೇಶವೂ ನಮ್ಮ ನಾಲೆ ಬಯಲಿನ ಹಾಗೆ ತಗ್ಗು ಭೂಮಿ, ಎಲ್ಲಿ ನೋಡಿದರೂ ಕಾಲುವೆ, ಹಸಿರು, ದನ, ಕುರಿ. ತಂದೆ ಬುಟ್ಟಿ ಹೆಣೆಯುವವರು. ಮಗನಿಗೆ ಐದಾರು ವರ್ಷ ಇರುವಾಗಲೇ ತೀರಿಕೊಂಡರು. ದೊಡ್ಡ ವಿದ್ಯಾಭ್ಯಾಸ ಆಗಲಿಲ್ಲ. ಆ ಕಾಲದ ಪಂಡಿತರ ಭಾಷೆ ಲ್ಯಾಟಿನ್. ಅದು ಇವರಿಗೆ ಬರುತ್ತಿರಲಿಲ್ಲ. ಸಾಯುವ ತನಕ ಗೊತ್ತಿದ್ದದ್ದು ಮನೆಮಾತು ಡಚ್ ಒಂದೇ. ಹದಿನಾರನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮ್ ಪಟ್ಟಣದ ಒಂದು ಬಟ್ಟೆ ಅಂಗಡಿಗೆ ಕೆಲಸ ಕಲಿಯಲು ಸೇರಿದರು. 1654ರಲ್ಲಿ ಊರಿಗೆ ಹಿಂತಿರುಗಿ ಮದುವೆಯಾಗಿ ತಮ್ಮದೇ ಅಂಗಡಿ ಇಟ್ಟರು.

ಸಂಸಾರದಲ್ಲಿ ಕಷ್ಟ ಕಡಿಮೆ ಇರಲಿಲ್ಲ. ಮೊದಲ ಹೆಂಡತಿಗೆ ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಮರಿಯಾ ಎಂಬ ಒಬ್ಬಳೇ ಮಗಳು. 1666ರಲ್ಲಿ ಹೆಂಡತಿ ತೀರಿಕೊಂಡರು. ಎರಡನೇ ಹೆಂಡತಿಯೂ ಇವರ ಕಣ್ಣೆದುರೇ ಹೋದರು. ಕೊನೆಯವರೆಗೂ ಜೊತೆಗಿದ್ದು ನೋಡಿಕೊಂಡವಳು ಆ ಮಗಳು. ಹೊಟ್ಟೆಪಾಡಿಗೆ ಅಂಗಡಿಯ ಜೊತೆಗೆ ಊರಾಡಳಿತದ ಕೆಲಸಗಳನ್ನೂ ಮಾಡಿದರು. 1660ರಿಂದ ಪುರಭವನದ ಕೊಠಡಿ ನೋಡಿಕೊಳ್ಳುವ ಕೆಲಸ, 1669ರಲ್ಲಿ ಭೂಮಾಪಕರಾಗಿ ನೇಮಕ, 1679ರಿಂದ ಮದ್ಯದ ಪೀಪಾಯಿಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ಅಳತೆಯಲ್ಲಿ ಪಕ್ಕಾ ಮನುಷ್ಯ. ಯಾವುದನ್ನು ನೋಡಿದರೂ ಮರಳಿನ ಕಾಳಿಗೆ, ಕೂದಲೆಳೆಗೆ ಹೋಲಿಸಿ ಇಷ್ಟೇ ಗಾತ್ರ ಎಂದು ಲೆಕ್ಕ ಹಾಕದೆ ಬಿಡುತ್ತಿರಲಿಲ್ಲ.

ಬಟ್ಟೆ ವ್ಯಾಪಾರಿಗಳು ನೂಲಿನ ಎಳೆ ಎಣಿಸಲು ಭೂತಗನ್ನಡಿ ಬಳಸುವುದುಂಟು. ಅಲ್ಲಿಂದಲೇ ಇವರಿಗೆ ಗಾಜಿನ ಹುಚ್ಚು ಹಿಡಿದಿರಬೇಕು. ಸಾಸಿವೆ ಕಾಳಿನಷ್ಟು ಪುಟ್ಟ ಗಾಜಿನ ಮಸೂರ ಮಾಡಿ, ಎರಡು ಲೋಹದ ತಗಡಿನ ನಡುವೆ ಸಿಕ್ಕಿಸಿ, ನೋಡಬೇಕಾದ ವಸ್ತುವನ್ನು ಒಂದು ಮೊಳೆಯ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂಗೈಯಲ್ಲಿ ಅಡಗುವ ಯಂತ್ರ. ಆದರೆ ಇವತ್ತಿಗೂ ಉಳಿದಿರುವ ಅವರ ಒಂದು ಯಂತ್ರ ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಇಂಥ ನೂರಾರು ಮಸೂರಗಳನ್ನು ಸ್ವಂತ ಕೈಯಿಂದ ಮಾಡಿದರು.

1673ರಲ್ಲಿ ಊರಿನ ವೈದ್ಯರೊಬ್ಬರ ಶಿಫಾರಸಿನಿಂದ ಇವರ ಮೊದಲ ಕಾಗದ ಲಂಡನ್ನಿನ ರಾಯಲ್ ಸೊಸೈಟಿಗೆ ಹೋಯಿತು. 1674ರಲ್ಲಿ ಊರ ಹತ್ತಿರದ ಒಂದು ಕೆರೆಯ ನೀರು ತಂದು ನೋಡಿದರು. ಆ ನೀರಿನಲ್ಲಿ ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿದ್ದವು! 1676ರ ಕಾಗದದಲ್ಲಿ ಇನ್ನೂ ಸಣ್ಣ ಜೀವಿಗಳ ಸುದ್ದಿ ಬರೆದರು. ಇವತ್ತು ನಾವು ಬ್ಯಾಕ್ಟೀರಿಯಾ ಅನ್ನುವುದು ಅವನ್ನೇ. ಲಂಡನ್ನಿನ ವಿದ್ವಾಂಸರು ಸುಲಭಕ್ಕೆ ನಂಬಲಿಲ್ಲ. ಅಂಗಡಿಯವನ ಮಾತು, ಡಿಗ್ರಿ ಇಲ್ಲ, ಭಾಷೆ ಗೊತ್ತಿಲ್ಲ. ಲೀವೆನ್‌ಹುಕ್ ಸಿಟ್ಟಾಗಲಿಲ್ಲ. ಪಾದ್ರಿಗಳೂ ಸೇರಿದಂತೆ ಎಂಟು ಜನ ಗೌರವಸ್ಥರನ್ನು ಕರೆದು, ತೋರಿಸಿ, ಅವರಿಂದ ಬರೆಸಿ ಕಳಿಸಿದರು. 1677ರಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಲಂಡನ್ನಿನಲ್ಲೇ ತಮ್ಮ ಯಂತ್ರದಲ್ಲಿ ನೋಡಿ ಸಭೆಗೆ ತೋರಿಸಿದ ಮೇಲೆ ಎಲ್ಲರೂ ಒಪ್ಪಿದರು. (ಹೆಸರು ಒಂದೇ ಥರ ಕೇಳಿಸಿದರೂ ಇವರಿಬ್ಬರೂ ಬೇರೆ ಬೇರೆ.) 1680ರಲ್ಲಿ ಈ ಬಟ್ಟೆ ವ್ಯಾಪಾರಿಯನ್ನು ರಾಯಲ್ ಸೊಸೈಟಿ ತನ್ನ ಸದಸ್ಯರನ್ನಾಗಿ ಮಾಡಿಕೊಂಡಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಲೀವೆನ್‌ಹುಕ್‌ರಿಗೆ ಯಾವುದರ ಮೇಲೂ ಅಸಹ್ಯ ಇರಲಿಲ್ಲ. 1674ರಲ್ಲಿ ಮೊಲದ ಪಿತ್ತರಸ ನೋಡಿದಾಗ ಕಂಡ ಮೊಟ್ಟೆಯಾಕಾರದ ಕಣಗಳನ್ನು ಬರೆದಿಟ್ಟರು. ಕುರಿಮರಿಗಳಿಗೆ ರಕ್ತಬೇಧಿ ತರುವ ಕಾಕ್ಸಿಡಿಯಾ ರೋಗಾಣುವಿನ ಜಾತಿಯವೇ ಅವು ಎಂದು ಈಗಿನ ತಜ್ಞರ ಅಭಿಪ್ರಾಯ. 1681ರಲ್ಲಿ ತಮಗೇ ಬೇಧಿ ಆದಾಗ ತಮ್ಮ ಮಲವನ್ನೇ ಯಂತ್ರದಲ್ಲಿಟ್ಟು ನೋಡಿ, ಅದರಲ್ಲಿ ಈಜಾಡುತ್ತಿದ್ದ ಜೀವಿಗಳನ್ನು ವಿವರವಾಗಿ ಬರೆದರು. ಕರುಳಿನ ಪರಾವಲಂಬಿಗಾಗಿ ಮಲ ಪರೀಕ್ಷೆ ಶುರುವಾದದ್ದು ಅಲ್ಲಿಂದ ಅನ್ನಬಹುದು. ಇವತ್ತು ಪಶು ಆಸ್ಪತ್ರೆಯಲ್ಲಿ ಹಿಕ್ಕೆ ಪರೀಕ್ಷೆ ಮಾಡುವವರು ಅವರ ದಾರಿಯಲ್ಲೇ ನಡೆಯುತ್ತಿದ್ದಾರೆ.

ಕುರಿಯ ಈಲಿ ಹುಳುವಿನ ವಿಚಾರಕ್ಕೂ ಇವರು ಕೈ ಹಾಕಿದರು. ಲೈಡನ್ ವಿಶ್ವವಿದ್ಯಾಲಯದ ಗೋವರ್ಟ್ ಬಿಡ್ಲೂ ಎಂಬ ಪ್ರಾಧ್ಯಾಪಕರು 1698ರಲ್ಲಿ ಕುರಿಯ ಈಲಿಯ ಹುಳುಗಳ ಬಗ್ಗೆ ಒಂದು ದೊಡ್ಡ ಪತ್ರವನ್ನೇ ಅಚ್ಚು ಹಾಕಿಸಿ ಲೀವೆನ್‌ಹುಕ್‌ರಿಗೆ ಬರೆದರು. ವಿಶ್ವವಿದ್ಯಾಲಯದ ದೊಡ್ಡ ವೈದ್ಯರು ಶಾಲೆ ಸರಿಯಾಗಿ ಓದದ ವ್ಯಾಪಾರಿಗೆ ಬರೆದರೆಂದರೆ ಇವರ ಯೋಗ್ಯತೆ ಎಷ್ಟಿರಬೇಕು! 1700ರಲ್ಲಿ ಲೀವೆನ್‌ಹುಕ್‌ರೂ ಇದೇ ಹುಳುವಿನ ಬಗ್ಗೆ ಲಂಡನ್ನಿಗೆ ಬರೆದರು. ಹುಳು ಈಲಿಯಲ್ಲಿ ತಾನಾಗಿ ಹುಟ್ಟುವುದೆಂಬ ಮಾತನ್ನು ಅವರು ಒಪ್ಪುವವರಲ್ಲ.

ಆ ಕಾಲದಲ್ಲಿ ಕೊಳೆತದ್ದರಿಂದ ಹುಳು ತಾನೇ ಹುಟ್ಟುತ್ತದೆ ಎಂದು ಓದಿದವರೂ ನಂಬಿದ್ದರು. ಲೀವೆನ್‌ಹುಕ್ ಜೀವನ ಪರ್ಯಂತ ಇದರ ವಿರುದ್ಧ ಹೋರಾಡಿದರು. ಗೋಧಿ ಕಾಳಿನಿಂದಲೇ ನುಸಿ ಹುಟ್ಟುತ್ತದೆ ಎಂದು ಜನ ಹೇಳಿದರೆ, ಅವರು ಗಾಜಿನ ಕೊಳವೆಯಲ್ಲಿ ಗೋಧಿ ಮತ್ತು ನುಸಿ ಹುಳು ಹಾಕಿ ದಿನಗಟ್ಟಲೆ ಕಾದು ನೋಡಿ, ತಾಯಿ ನುಸಿಯಿಂದಲೇ ಮರಿ ನುಸಿ ಆಗುವುದೆಂದು 1687ರಲ್ಲಿ ತೋರಿಸಿದರು. ಗೋದಾಮಿನಲ್ಲಿ ಮೂಟೆ ಇಡುವ ಸಂಘದವರಿಗೆ ಈ ಪಾಠ ಬೇರೆ ಹೇಳಬೇಕಾಗಿಲ್ಲ. ಹುಳು ಬಂದಿದೆ ಎಂದರೆ ಅದಕ್ಕೊಂದು ದಾರಿ ಇದೆ. ದಾರಿ ಕಂಡುಹಿಡಿದರೆ ತಡೆಯಬಹುದು.

ಈಲಿ ಹುಳುವಿನ ದಾರಿ ಮಾತ್ರ ಅವರಿಗೆ ಪೂರ್ತಿ ಸಿಗಲಿಲ್ಲ. ಅದು ಗೊತ್ತಾಗಲು ಇನ್ನೂ ಸುಮಾರು 180 ವರ್ಷ ಬೇಕಾಯಿತು. 1881ರಿಂದ 1883ರ ಸುಮಾರಿಗೆ ಜರ್ಮನಿಯ ಲಾಯ್ಕಾರ್ಟ್, ಇಂಗ್ಲೆಂಡಿನ ಥಾಮಸ್ ಎಂಬ ಇಬ್ಬರು ಬೇರೆ ಬೇರೆಯಾಗಿ ದುಡಿದು ಇದನ್ನು ಬಿಡಿಸಿದರು. ಕುರಿಯ ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು, ಮರಿ ಒಂದು ಜಾತಿಯ ಸಣ್ಣ ಬಸವನಹುಳುವಿನ ಮೈ ಸೇರುತ್ತದೆ. ಅಲ್ಲಿ ಒಂದು ಹತ್ತಾರಾಗಿ, ನೂರಾರಾಗಿ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ಕುರಿಯ ಹೊಟ್ಟೆಯಿಂದ ಈಲಿಗೆ ಹೋಗುತ್ತದೆ. ಬಸವನಹುಳು ಇಲ್ಲದಿದ್ದರೆ ಈ ಚಕ್ರ ನಡೆಯುವುದೇ ಇಲ್ಲ.

ಇನ್ನೊಂದು ಶತ್ರು, ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ರಕ್ತ ಹೀರುವ ದುಂಡು ಜಂತು. ದಾರದಂಥ ಹುಳು, ಉದ್ದ ಒಂದು ಅಂಗುಲದ ಆಸುಪಾಸು. ಇದಕ್ಕೆ ಬಸವನಹುಳು ಬೇಕಿಲ್ಲ. ಒಂದು ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಬೆಚ್ಚಗೆ, ತೇವ ಇದ್ದರೆ ಸುಮಾರು ಒಂದು ವಾರದಲ್ಲಿ ಮರಿ ರೋಗ ತರುವಷ್ಟು ಬಲಿತು, ಬೆಳಗಿನ ಇಬ್ಬನಿಯಲ್ಲಿ ಹುಲ್ಲಿನ ಎಸಳು ಹತ್ತುತ್ತದೆ. ಒಂದು ಹುಳು ದಿನಕ್ಕೆ 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ ಎಂದು ಲೆಕ್ಕ. ಅಷ್ಟೇ ತಾನೇ ಅನ್ನಬೇಡಿ. ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿಲೀಟರ್, ತಿಂಗಳಿಗೆ ಒಂದೂವರೆ ಲೀಟರ್. 30 ಕಿಲೋ ತೂಗುವ ಕುರಿಯ ಮೈಯಲ್ಲಿ ಇರುವ ರಕ್ತವೇ ಸುಮಾರು ಎರಡು ಲೀಟರ್!

1974ರಲ್ಲಿ ಕಬಿನಿ ಅಣೆಕಟ್ಟು ಆಗಿ ನಾಲೆ ನೀರು ಹರಿದ ಮೇಲೆ ನಮ್ಮ ಕಡೆ ಬದುಕು ಹಸನಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗದ್ದೆ ಬದು, ನಾಲೆ ಅಂಚು, ಕೆರೆ ಅಂಗಳದ ಜೌಗು ಬಸವನಹುಳುವಿಗೂ ಜಂತುವಿಗೂ ಅನುಕೂಲ. ಆದ್ದರಿಂದ ಇಬ್ಬನಿ ಆರಿದ ಮೇಲೆ ಹಿಂಡು ಬಿಡುವುದು, ಜೌಗಿನಲ್ಲಿ ಮೇಯಿಸದಿರುವುದು, ನಿಂತ ನೀರು ಬಿಟ್ಟು ತೊಟ್ಟಿ ನೀರು ಕುಡಿಸುವುದು, ಮರಿಗಳನ್ನು ಬೇರೆ ಮೇಯಿಸುವುದು ಒಳ್ಳೆಯದು. ಆಗಾಗ ಕುರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಕೆಂಪಗಿದ್ದರೆ ವಾಸಿ, ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿಯಾಗಿದೆ ಎಂದು ತಿಳಿಯಿರಿ.

ಔಷಧಿ ಎಂದರೆ ಅಂಗಡಿಯಲ್ಲಿ ಕೊಟ್ಟ ಬಾಟಲಿ ಕುಡಿಸಿಬಿಡೋದು ನಮ್ಮ ರೂಢಿ. ದುಂಡು ಜಂತುವಿಗೆ ಕೊಡುವ ಎಲ್ಲಾ ಔಷಧಿಯೂ ಈಲಿ ಹುಳುವಿಗೆ ನಾಟುವುದಿಲ್ಲ. ಐವರ್ಮೆಕ್ಟಿನ್ ಎಂಬ ಔಷಧಿ ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಂಥ ದೊಡ್ಡ ಔಷಧಿಯೂ ಚಪ್ಪಟೆ ಹುಳುವಿನ ಮೇಲೆ ಕೆಲಸ ಮಾಡುವುದಿಲ್ಲ. ತೂಕಕ್ಕಿಂತ ಕಮ್ಮಿ ಪ್ರಮಾಣ ಕುಡಿಸಿದರೆ, ಒಂದೇ ಔಷಧಿಯನ್ನು ಪದೇ ಪದೇ ಕೊಟ್ಟರೆ ಹುಳು ಅದಕ್ಕೆ ಬಗ್ಗದಂತಾಗುತ್ತದೆ. ಗಬ್ಬದ ಕುರಿಗೆ ಆಗದ ಔಷಧಿಗಳೂ ಇವೆ. ಆದ್ದರಿಂದ ಹೊಸ ಹಿಕ್ಕೆಯನ್ನು ಒಂದು ಕವರಿನಲ್ಲಿ ಹಾಕಿ ಅದೇ ದಿನ ಪಶು ಆಸ್ಪತ್ರೆಗೆ ಕೊಟ್ಟು, ಯಾವ ಹುಳು ಎಂದು ತಿಳಿದು, ಡಾಕ್ಟರು ಹೇಳಿದ ಔಷಧಿಯನ್ನೇ ಕುಡಿಸಬೇಕು. ಮೊದಲು ನೋಡಬೇಕು, ಆಮೇಲೆ ಮಾಡಬೇಕು. ಲೀವೆನ್‌ಹುಕ್‌ರ ಜೀವನದ ಸಾರ ಇದೇ.

ಅವರ ಕೀರ್ತಿ ದೂರ ದೂರ ಹಬ್ಬಿತು. 1698ರಲ್ಲಿ ರಷ್ಯಾದ ಚಕ್ರವರ್ತಿ ಪೀಟರ್ ಡೆಲ್ಫ್ಟ್‌ಗೆ ಬಂದಾಗ ಇವರನ್ನು ಕರೆಸಿಕೊಂಡು, ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ನೋಡಿ ಸಂತೋಷಪಟ್ಟರು. ಐವತ್ತು ವರ್ಷ ಬಿಡದೆ ಕಾಗದ ಬರೆದ ಲೀವೆನ್‌ಹುಕ್ 1723ರ ಆಗಸ್ಟ್ 26ರಂದು ತಮ್ಮ ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಬೆಳ್ಳಿಯಲ್ಲಿ ಮಾಡಿದ 26 ಸೂಕ್ಷ್ಮದರ್ಶಕಗಳನ್ನು ರಾಯಲ್ ಸೊಸೈಟಿಗೆ ಬರೆದಿಟ್ಟಿದ್ದರು. ಅವು ಅಲ್ಲಿಗೆ ತಲುಪಿದವು. ಮುಂದೆ ಕಳೆದುಹೋದವು.

ಇಂಥ ದೊಡ್ಡ ಮನುಷ್ಯರಲ್ಲೂ ಒಂದು ಕೊರತೆ ಇತ್ತು. ಕಂಡದ್ದನ್ನೆಲ್ಲ ಹೇಳಿದರು, ಹೇಗೆ ಕಂಡೆ ಎಂಬ ಗುಟ್ಟನ್ನು ಪೂರ್ತಿ ಹೇಳಲಿಲ್ಲ. ಅತ್ಯುತ್ತಮ ಮಸೂರ ಮಾಡುವ ಮತ್ತು ನೋಡುವ ವಿದ್ಯೆಯನ್ನು ಯಾರಿಗೂ ಕಲಿಸದೆ ತಮ್ಮಲ್ಲೇ ಇಟ್ಟುಕೊಂಡರು. ಅವರ ಹಿಂದೆಯೇ ಆ ವಿದ್ಯೆ ಹೋಯಿತು. ಅವರು ಕಂಡ ಸೂಕ್ಷ್ಮಜೀವಿಗಳ ವಿಚಾರ ನೂರು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚು ಮುಂದುವರಿಯಲಿಲ್ಲ.

ಸಹಕಾರಿಗಳಾದ ನಾವು ಇಲ್ಲಿ ಒಂದು ಮಾತು ಯೋಚಿಸಬೇಕು. ಕೆರೆ ಅಂಗಳ ಊರಿಗೆಲ್ಲ ಒಂದೇ. ನನ್ನ ಹತ್ತು ಕುರಿಗೆ ನಾನೊಬ್ಬ ಔಷಧಿ ಕುಡಿಸಿದರೆ, ಪಕ್ಕದ ಹಿಂಡು ಉದುರಿಸಿದ ಮೊಟ್ಟೆಯಿಂದ ತಿಂಗಳೊಳಗೆ ನನ್ನ ಕುರಿಗೆ ಮತ್ತೆ ಹುಳು. ಜಂತುವಿಗೆ ನಿಮ್ಮ ಹಿಂಡು, ನಮ್ಮ ಹಿಂಡು ಎಂಬ ಭೇದ ಇಲ್ಲ. ಕೇರಿ, ಪಾರ್ಟಿ ಅಂತ ಅದು ನೋಡುವುದಿಲ್ಲ. ಆದ್ದರಿಂದ ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಊರಿನ ಎಲ್ಲಾ ಹಿಂಡಿನ ಹಿಕ್ಕೆಯನ್ನೂ ಒಟ್ಟಿಗೆ ಪರೀಕ್ಷೆಗೆ ಕೊಟ್ಟು, ಫಲಿತಾಂಶವನ್ನು ಸಂಘದ ಬೋರ್ಡಿನ ಮೇಲೆ ಬರೆದು ಹಾಕಿ, ಬೇಕಾದ ಹಿಂಡುಗಳಿಗೆಲ್ಲ ಒಂದೇ ವಾರದಲ್ಲಿ ಔಷಧಿ ಕುಡಿಸುವ ಏರ್ಪಾಡು ಆಗಬೇಕು. ಇದನ್ನು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ತರಬೇಕೆಂದು ನನ್ನ ಆಸೆ. ಖರ್ಚು ಒಂದು ಸತ್ತ ಟಗರಿನ ಬೆಲೆಗಿಂತ ಹೆಚ್ಚೇನೂ ಆಗಲಾರದು.

ಓದು ಕಡಿಮೆ ಎಂದು ಹಿಂಜರಿಯದೆ, ಕಣ್ಣಿಟ್ಟು ನೋಡಿ ಲೋಕಕ್ಕೆ ಉಪಕಾರ ಮಾಡಿದ ಆ ಬಟ್ಟೆ ವ್ಯಾಪಾರಿಯನ್ನು ಈ ಬೆಳ್ಳಿಹಬ್ಬದ ಸಮಯದಲ್ಲಿ ನೆನೆಯುತ್ತೇನೆ. ಸಂಘದ ಎಲ್ಲಾ ಸದಸ್ಯರ ದೊಡ್ಡಿ ತುಂಬಿರಲಿ, ಸಂಘ ಸುವರ್ಣಹಬ್ಬ ಕಾಣಲಿ ಎಂದು ಹಾರೈಸುತ್ತೇನೆ.