ಇಲಿ ಸತ್ತ ಮನೆಯೂ ಹಾಫ್‌ಕಿನ್ ಲಸಿಕೆಯೂ: ಪ್ಲೇಗ್ ಕಾಲ ನಮಗೆ ಕಲಿಸಿದ್ದೇನು?

ಸಾಂಕ್ರಾಮಿಕ ರೋಗ ಬರುತ್ತಿದೆ ಎಂಬ ಸುದ್ದಿ ಬಂದರೆ ಮನೆಯಲ್ಲಿ ಏನೇನು ಸಿದ್ಧ ಮಾಡಿಕೊಳ್ಳಬೇಕು? 2020ರಲ್ಲಿ ಕೊರೋನಾ ಬಂದಾಗ ನಾವೆಲ್ಲ ಈ ಪ್ರಶ್ನೆ ಕೇಳಿಕೊಂಡೆವು. ಮಲಪ್ರಭೆಯ ಸೀಮೆಗೆ ಇದು ಹೊಸ ಪ್ರಶ್ನೆಯಲ್ಲ. ಪಟ್ಟದಕಲ್ಲು, ಬಾದಾಮಿ, ಹುನಗುಂದ, ಇಳಕಲ್ಲುಗಳು ಆಗ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿದ್ದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಜನರ ಜತೆ, ಸರಕಿನ ಜತೆ ರೈಲು ಹತ್ತಿತು. 1898ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡಗಳನ್ನು ನಡುಗಿಸಿತು. ಬಿಜಾಪುರ ಜಿಲ್ಲೆಯನ್ನೂ ಬಿಡಲಿಲ್ಲ.

ಆ ದಿನಗಳಲ್ಲಿ ಲಕ್ಷಾಂತರ ಜನರ ತೋಳಿಗೆ ಚುಚ್ಚಿದ ಲಸಿಕೆಯನ್ನು ತಯಾರಿಸಿದವರು ವಾಲ್ಡೆಮಾರ್ ಹಾಫ್‌ಕಿನ್. ಅವರ ಬದುಕನ್ನು ನೋಡಿದರೆ ಲಸಿಕೆಯ ಬಗ್ಗೆ ಇಂದಿಗೂ ಹರಿದಾಡುವ ಕೆಲವು ತಪ್ಪು ನಂಬಿಕೆಗಳಿಗೆ ಉತ್ತರ ಸಿಗುತ್ತದೆ.

ಒಡೆಸ್ಸಾದಿಂದ ಮುಂಬಯಿಗೆ

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದ ಯೆಹೂದಿ ಮನೆತನದಲ್ಲಿ. ವಿದ್ಯಾರ್ಥಿಯಾಗಿದ್ದಾಗ ರಾಜಸತ್ತೆಯ ವಿರುದ್ಧದ ಚಳವಳಿಯಲ್ಲಿ ಸೇರಿ ಬಂಧನಕ್ಕೊಳಗಾದರು. ಯೆಹೂದಿ ಎಂಬ ಕಾರಣಕ್ಕೆ ಅಲ್ಲಿ ಅವರಿಗೆ ಮುಂದಿನ ದಾರಿ ಮುಚ್ಚಿತ್ತು. ಸ್ವಿಟ್ಜರ್‌ಲೆಂಡ್ ಮಾರ್ಗವಾಗಿ ಪ್ಯಾರಿಸ್ ಸೇರಿ, ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಾಲಯದ ಸಹಾಯಕರಾಗಿ ಕೆಲಸಕ್ಕೆ ನಿಂತರು. ಬಿಡುವಿನ ಹೊತ್ತಿನಲ್ಲಿ ಪ್ರಯೋಗ ಮಾಡುತ್ತ ಕಾಲರಾ ಲಸಿಕೆ ರೂಪಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಉತ್ತರದ ಊರೂರು ತಿರುಗಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕಾಲರಾ ಲಸಿಕೆ ಹಾಕಿದರು. ಈ ತಿರುಗಾಟದಲ್ಲಿ ಮಲೇರಿಯಾ ಹಿಡಿದು ಸ್ವಂತ ಆರೋಗ್ಯ ಕೆಡಿಸಿಕೊಂಡರು.

1896ರ ಅಕ್ಟೋಬರ್‌ನಲ್ಲಿ ಸರ್ಕಾರ ಅವರನ್ನು ಮುಂಬಯಿಗೆ ಕಳಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಪಡಸಾಲೆಯೇ ಪ್ರಯೋಗಾಲಯ. ಒಬ್ಬ ಗುಮಾಸ್ತ, ಮೂವರು ಜವಾನರು ಸಹಾಯಕ್ಕೆ.

ತುಪ್ಪದ ಹನಿಯಡಿ ಬೆಳೆದ ಪ್ಲೇಗ್

ಹಾಫ್‌ಕಿನ್ ಮಾಂಸದ ಸಾರಿನಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಿದರು. ಸಾರಿನ ಮೇಲೆ ತುಪ್ಪ ಅಥವಾ ಕೊಬ್ಬರಿ ಎಣ್ಣೆಯ ಹನಿ ತೇಲಿಬಿಟ್ಟಾಗ ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿಕೊಂಡು ಕೆಳಗೆ ಎಳೆಎಳೆಯಾಗಿ ಇಳಿಬೀಳುತ್ತಿದ್ದವು. ಹೀಗೆ ಬೆಳೆದವನ್ನು ಬಿಸಿ ಮಾಡಿ ಕೊಂದರೆ ಲಸಿಕೆ ಸಿದ್ಧ. ಅಂದರೆ ಅದರಲ್ಲಿದ್ದದ್ದು ಸತ್ತ ಬ್ಯಾಕ್ಟೀರಿಯಾ. ಅದರಿಂದ ಪ್ಲೇಗ್ ಬರುವಂತಿರಲಿಲ್ಲ. ದೇಹ ಮಾತ್ರ ಶತ್ರುವಿನ ಗುರುತು ಹಿಡಿದು ಮೊದಲೇ ಸಜ್ಜಾಗುತ್ತಿತ್ತು.

1897ರ ಜನವರಿ 10ರಂದು ಹಾಫ್‌ಕಿನ್ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಜ್ವರ, ನೋವು ಬಂದು ಹೋದವು. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿದಾಗ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಳ್ಳದವರಿಗಿಂತ ಅವರಲ್ಲಿ ರೋಗವೂ ಸಾವೂ ಕಡಿಮೆಯಾದವು. ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡರು. ಆ ಕಾಲಕ್ಕೆ ಅದು ದೊಡ್ಡ ಸಂಗತಿ.

ಪುಣೆಯಲ್ಲಿ ಆದದ್ದೇ ಬೇರೆ. ಅಲ್ಲಿ ಅಧಿಕಾರಿಗಳು ಸೈನಿಕರನ್ನು ಮನೆಮನೆಗೆ ನುಗ್ಗಿಸಿ ಶೋಧಿಸಿದರು. ಜನರ ಸಿಟ್ಟು ಹೊತ್ತಿ, 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾದರು. ಬಲವಂತ ಮಾಡಿದ ಕಡೆ ಜನ ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟರೆ ರೋಗ ಹರಡುವುದು ಸುಲಭ.

ಊರು ಬಿಡುವುದು ಮೂಢನಂಬಿಕೆಯೇ?

ಮನೆಯಲ್ಲಿ ಇಲಿ ಸತ್ತು ಬಿದ್ದರೆ ನಮ್ಮ ಹಳ್ಳಿಗಳ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ದೇವಿ ಮುನಿದಳೆಂದು ಹೆದರಿ ಹೋದವರೂ ಇದ್ದರು. ಕಾರಣ ತಪ್ಪಿದ್ದರೂ ಕೆಲಸ ಸರಿಯಾಗಿತ್ತು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಪಾಲ್ ಲೂಯಿ ಸಿಮಾನ್ 1898ರಲ್ಲಿ ತೋರಿಸಿದರು. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಬೇರೆ ಆಸರೆ ಹುಡುಕುತ್ತದೆ, ಸಿಗದಿದ್ದರೆ ಮನುಷ್ಯನನ್ನು ಕಚ್ಚುತ್ತದೆ. ಮಣ್ಣಿನ ಮಾಳಿಗೆಯ ಕತ್ತಲು ಮನೆ, ಜೋಳದ ಹಗೇವು ಇಲಿಗಳಿಗೆ ಹೇಳಿ ಮಾಡಿಸಿದ ತಾವು. ಅಲ್ಲಿಂದ ಬಯಲಿಗೆ ಹೋದವರು ಚಿಗಟಗಳಿಂದ ದೂರವಾಗುತ್ತಿದ್ದರು. ಬಟ್ಟೆ, ಹಾಸಿಗೆಗಳಲ್ಲಿ ಚಿಗಟ ಕಟ್ಟಿಕೊಂಡು ಇನ್ನೊಂದು ಊರಿಗೆ ಹೋದರೆ ಮಾತ್ರ ರೋಗವೂ ಜತೆಗೆ ಹೋಗುತ್ತಿತ್ತು.

ಲಸಿಕೆಯೇ ಕೊಂದಿತೆ?

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 107 ಜನರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಲಸಿಕೆ ಬಂದದ್ದು ಒಂದೇ ಬಾಟಲಿಯಿಂದ. ತಪ್ಪನ್ನು ಹಾಫ್‌ಕಿನ್ ಪ್ರಯೋಗಾಲಯದ ಮೇಲೆ ಹೊರಿಸಿ ಅವರನ್ನು ಅಮಾನತು ಮಾಡಿದರು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಚಿಮಟ ನೆಲಕ್ಕೆ ಬಿದ್ದದ್ದೂ, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದೂ ಆಮೇಲೆ ಬೆಳಕಿಗೆ ಬಂತು. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಬಹಿರಂಗವಾಗಿ ಅವರ ಪರ ನಿಂತ ಮೇಲೆ 1907ರಲ್ಲಿ ಕಳಂಕ ಕಳೆಯಿತು. ಅವರು ಮತ್ತೆ ಕಲ್ಕತ್ತೆಗೆ ಬಂದು ಕೆಲಸ ಮಾಡಿದರು. ಆದರೆ ಹಳೆಯ ಸ್ಥಾನಮಾನ ಸಿಗಲಿಲ್ಲ. ಪರೇಲಿನ ಪ್ಲೇಗ್ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂಬ ಹೆಸರು ಬಂತು. 1930ರಲ್ಲಿ ಅವರು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಹಾಫ್‌ಕಿನ್ ಲಸಿಕೆ ಪೂರ್ತಿ ರಕ್ಷಣೆ ಕೊಡುತ್ತಿರಲಿಲ್ಲ. ಅಪಾಯವನ್ನು ತಗ್ಗಿಸುತ್ತಿತ್ತು. ಲಸಿಕೆ ಹಾಕಿಸಿಕೊಂಡವರೂ ಇಲಿ, ಚಿಗಟಗಳಿಂದ ದೂರ ಇರಲೇಬೇಕಿತ್ತು. ಇಂದು ಆ ಲಸಿಕೆ ಬಳಕೆಯಲ್ಲಿಲ್ಲ. ಬೇಗ ಗುರುತಿಸಿದರೆ ಪ್ಲೇಗನ್ನು ಆ್ಯಂಟಿಬಯಾಟಿಕ್‌ನಿಂದ ಗುಣಪಡಿಸಬಹುದು.

ಇಂದು ಮನೆಯಲ್ಲಿ ಏನಿರಬೇಕು?

- ಮನೆಯವರೆಲ್ಲರ ಲಸಿಕೆಯ ದಾಖಲೆ ಒಂದೇ ಕಡೆ ಇರಲಿ. ಬಾಕಿ ಇರುವ ಲಸಿಕೆಗಳನ್ನು ರೋಗ ಬರುವ ಮೊದಲೇ ಹಾಕಿಸಿ.
- ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೆಲವು ವಾರಕ್ಕಾಗುವಷ್ಟು ಇರಲಿ. ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಸೋಪು, ಮಾಸ್ಕ್ ಕೈಗೆ ಸಿಗುವಂತಿರಲಿ.
- ದವಸ ಎರಡು ವಾರಕ್ಕೆ ಸಾಕಾಗುವಷ್ಟಿದ್ದರೆ ಸಾಕು. ಬಾಚಿ ತುಂಬಿಟ್ಟರೆ ಬೇರೆಯವರಿಗೆ ಸಿಗುವುದಿಲ್ಲ. ಕಾಳುಕಡಿ ಮುಚ್ಚಳದ ಡಬ್ಬಿಯಲ್ಲಿರಲಿ, ಇಲಿಗೆ ಸಿಗಬಾರದು.
- ರೋಗಿಯನ್ನು ಬೇರೆಯಾಗಿ ಮಲಗಿಸಲು ಗಾಳಿಯಾಡುವ ಕೋಣೆ ಯಾವುದು, ಆರೈಕೆ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ.
- ಕಾರಣ ತಿಳಿಯದೆ ಹಲವು ಇಲಿಗಳು ಒಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.
- ಆ್ಯಂಟಿಬಯಾಟಿಕ್ ನೀವೇ ಕೊಂಡು ನುಂಗಬೇಡಿ, ವೈದ್ಯರು ಹೇಳಲಿ.
- ಜ್ವರ ಬಂದವರನ್ನು ಬಚ್ಚಿಡಬೇಡಿ. ಆಶಾ ಕಾರ್ಯಕರ್ತೆಯ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಫೋನ್ ನಂಬರನ್ನು ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಬರೆದಿಡಿ.