ಕೆಂಗಲ್ ಹನುಮಂತಯ್ಯ: ಕಟ್ಟಿದರು, ಕೂರಲಿಲ್ಲ



ಬೆಂಗಳೂರಿಗೆ ರಜೆಗೆ ಹೋದಾಗ ನಾವೆಲ್ಲ ಮಕ್ಕಳನ್ನು ವಿಧಾನಸೌಧದ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಅದನ್ನು ಕಟ್ಟಿಸಿದವರು ಯಾರು ಎಂದು ಮಕ್ಕಳು ಕೇಳಿದರೆ ಹೇಳಲು ನಮಗೆ ಗೊತ್ತಿರಬೇಕಲ್ಲವೇ? ಲಾಸ್ ಆಲ್ಟೋಸ್‌ನ ನಾವು ಕೆಲವರು ಸೇರಿ ಈ ಪುಟ್ಟ ಪರಿಚಯ ಬರೆದಿದ್ದೇವೆ.

ಕೆಂಗಲ್ ಹನುಮಂತಯ್ಯನವರು ಹುಟ್ಟಿದ್ದು 1908ರಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಕಾನೂನು ಓದಿ ವಕೀಲರಾದರು. ಆದರೆ ಸ್ವಾತಂತ್ರ್ಯ ಹೋರಾಟ ಅವರನ್ನು ಕೋರ್ಟಿನಿಂದ ಜೈಲಿಗೆ ಕರೆದೊಯ್ದಿತು, ಅದೂ ಹಲವು ಬಾರಿ. ಸ್ವಾತಂತ್ರ್ಯ ಬಂದ ಮೇಲೆ ಭಾರತದ ಸಂವಿಧಾನ ಸಭೆಯ ಸದಸ್ಯರಾದರು. 1952ರ ಮಾರ್ಚ್‌ನಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು.

ವಿಧಾನಸೌಧಕ್ಕೆ 1951ರಲ್ಲಿ, ಕೆ.ಸಿ. ರೆಡ್ಡಿಯವರ ಕಾಲದಲ್ಲೇ ನೆಹರೂ ಶಂಕುಸ್ಥಾಪನೆ ಮಾಡಿದ್ದರು. ಸಾಧಾರಣ ಕಟ್ಟಡವಾಗಬೇಕಿದ್ದ ಅದನ್ನು ಹನುಮಂತಯ್ಯನವರು ನಮ್ಮ ದೇವಾಲಯಗಳ ಶೈಲಿಯ ಭವ್ಯ ಸೌಧವನ್ನಾಗಿ ಬದಲಿಸಿದರು. ಇಂಜಿನಿಯರ್ ಬಿ.ಆರ್. ಮಾಣಿಕ್ಯಂ ಅದನ್ನು ಕಲ್ಲಿನಲ್ಲಿ ನಿಜ ಮಾಡಿದರು. ಸರ್ಕಾರದ ಕೆಲಸವನ್ನು ದೇವರ ಕೆಲಸದಂತೆ ಕಾಣಬೇಕೆಂಬ ಬರಹ ಅದರ ಮುಂಬಾಗಿಲ ಮೇಲೆ ಇಂದಿಗೂ ಇದೆ. ಖರ್ಚು ಕೋಟಿ ದಾಟಿದಾಗ ಟೀಕೆಯೂ ಬಂತು, ವಿಚಾರಣೆಯೂ ಬಂತು.

ಅದಕ್ಕಿಂತ ದೊಡ್ಡ ಪರೀಕ್ಷೆ ಏಕೀಕರಣ. ಆಗ ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಎಲ್ಲರೂ ಒಂದಾದರೆ ಅಧಿಕಾರ ಕೈತಪ್ಪುತ್ತದೆ, ನಮ್ಮ ಹಣ ಬೇರೆ ಕಡೆ ಹರಿಯುತ್ತದೆ ಎಂಬ ಭಯ ಹಳೇ ಮೈಸೂರಿನ ಅನೇಕ ನಾಯಕರಿಗಿತ್ತು. ತಮ್ಮ ಜನರೇ ವಿರೋಧಿಸಿದರೂ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಅದರ ಬೆಲೆಯನ್ನೂ ತೆತ್ತರು. ಪಕ್ಷದೊಳಗಿನ ವಿರೋಧ ಬೆಳೆದು 1956ರ ಆಗಸ್ಟ್‌ನಲ್ಲಿ ಕುರ್ಚಿ ಬಿಡಬೇಕಾಯಿತು. ಎರಡೂವರೆ ತಿಂಗಳ ನಂತರ, ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹೊಸ ರಾಜ್ಯದ ಮುಖ್ಯಮಂತ್ರಿಯಾಗಿ ವಿಧಾನಸೌಧದಿಂದ ಆಳಿದವರು ಎಸ್. ನಿಜಲಿಂಗಪ್ಪ.

ಜರ್ಮನಿಯಲ್ಲೂ 1952ರಲ್ಲಿ ಮೂರು ರಾಜ್ಯಗಳು ಸೇರಿ ಬಾಡೆನ್-ವುರ್ಟೆಂಬರ್ಗ್ ಆಯಿತು. ಅದಕ್ಕಾಗಿ ದುಡಿದ ರೈನ್‌ಹೋಲ್ಡ್ ಮಾಯರ್ ಮರುವರ್ಷವೇ ಅಧಿಕಾರ ಕಳೆದುಕೊಂಡರು. ಆದರೂ ಹೊಸ ರಾಜ್ಯದ ಮೊದಲ ಮುಖ್ಯಸ್ಥರಾಗಿ ಅವರು ಒಂದು ವರ್ಷವಾದರೂ ಕೂತಿದ್ದರು. ನಮ್ಮವರಿಗೆ ಅದೂ ಸಿಗಲಿಲ್ಲ. ಕೋಡ್ ಬರೆದವರು ಒಬ್ಬರು, ರಿಲೀಸ್ ದಿನ ವೇದಿಕೆ ಹತ್ತುವವರು ಇನ್ನೊಬ್ಬರು ಎಂಬುದು ಈ ಕಣಿವೆಯಲ್ಲಿ ದುಡಿಯುವ ನಮಗೆ ಹೊಸದೇನಲ್ಲ!

ಅವರು ಸುಮ್ಮನೆ ಕೂರಲಿಲ್ಲ. 1962ರಿಂದ ಬೆಂಗಳೂರಿನ ಲೋಕಸಭಾ ಸದಸ್ಯರಾಗಿದ್ದರು. ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. 1971-72ರಲ್ಲಿ ರೈಲ್ವೆ ಮಂತ್ರಿಯಾಗಿದ್ದರು. 1977ರ ಚುನಾವಣೆಯಲ್ಲಿ ಸೋತರು, 1980ರ ಡಿಸೆಂಬರ್ 1ರಂದು ತೀರಿಕೊಂಡರು.

ಪ್ರತಿ ನವೆಂಬರ್‌ನಲ್ಲಿ ಇಲ್ಲಿ ಧಾರವಾಡದವರು, ಮಂಗಳೂರಿನವರು, ಬೀದರಿನವರು, ಮಡಿಕೇರಿಯವರು, ಮೈಸೂರಿನವರು ಒಟ್ಟಿಗೆ ಕೂತು ರಾಜ್ಯೋತ್ಸವದ ಊಟ ಮಾಡುತ್ತೇವೆ. ಆ ಪಂಕ್ತಿಗೆ ಎಲೆ ಹಾಕಿದವರಲ್ಲಿ ಇವರೂ ಒಬ್ಬರು ಎಂದು ಮಕ್ಕಳಿಗೆ ಹೇಳೋಣ.

ಸಿರಿಗನ್ನಡಂ ಗೆಲ್ಗೆ!