ಹುಟ್ಟೂರು ಬಚ್ಚಿಟ್ಟ ತಾರೆ

ಊರು ಯಾವುದು ಅಂತ ಯಾರಾದರೂ ಕೇಳಿದರೆ ಮುಂಬಯಿ ಕನ್ನಡಿಗರಾದ ನಾವು ಎರಡೆರಡು ಊರು ಹೇಳ್ತೀವಿ, ಒಂದು ಇಲ್ಲಿಯದು, ಇನ್ನೊಂದು ಅಜ್ಜ-ಅಜ್ಜಿಯರದು. ಇದೇ ಮುಂಬಯಿಯಲ್ಲಿ ಹುಟ್ಟಿದ ಒಬ್ಬಾಕೆ ಮಾತ್ರ ಈ ಪ್ರಶ್ನೆಗೆ ಬದುಕಿಡೀ ಸುಳ್ಳು ಹೇಳಬೇಕಾಯಿತು. ಆಕೆಯೇ ಹಾಲಿವುಡ್ಡಿನ ತಾರೆ ಮರ್ಲ್ ಒಬೆರಾನ್.

ಹುಟ್ಟಿದ್ದು 1911ರ ಫೆಬ್ರವರಿ 19ರಂದು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಕ್ವೀನಿ. ಸಾಕಿದವಳು ಸಿಂಹಳ ಮೂಲದ ನಂಟಿದ್ದ ಶಾರ್ಲೆಟ್ ಸೆಲ್ಬಿ. ಲೋಕದ ಕಣ್ಣಿಗೆ ಆಕೆಯೇ ತಾಯಿ. ಆದರೆ ಹೆತ್ತವಳು ಶಾರ್ಲೆಟ್ಟಳ ಮಗಳು ಕಾನ್‌ಸ್ಟನ್ಸ್, ಆಗಿನ್ನೂ ಎಳೆಯ ಹುಡುಗಿ. ಮನೆಮಂದಿ ಮಾನಕ್ಕೆ ಹೆದರಿ ತಾಯಿಯನ್ನೇ ಅಕ್ಕ ಮಾಡಿದರು. ಗುಟ್ಟು ತೊಟ್ಟಿಲಲ್ಲೇ ಶುರುವಾಯಿತು ನೋಡಿ.

1917ರಲ್ಲಿ ಸಂಸಾರ ಕಲ್ಕತ್ತೆ ಸೇರಿತು. ಅಲ್ಲಿ ಬಡತನ, ಮಿಶ್ರ ರಕ್ತದವಳೆಂಬ ಹೀಯಾಳಿಕೆ, ಜೊತೆಗೆ ಹವ್ಯಾಸಿ ನಾಟಕದ ಹುಚ್ಚು. 1920ರ ದಶಕದ ಕೊನೆಗೆ ಹಡಗು ಹತ್ತಿ ಯುರೋಪಿಗೆ ಹೋದಳು. ಸಣ್ಣಪುಟ್ಟ ವೇಷ ಹಾಕುತ್ತಿದ್ದವಳು ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾನ ಕಣ್ಣಿಗೆ ಬಿದ್ದಳು. 1933ರಲ್ಲಿ ಎಂಟನೆಯ ಹೆನ್ರಿಯ ಚಿತ್ರದಲ್ಲಿ ಆನ್ ಬೊಲಿನ್ ಪಾತ್ರ ಸಿಕ್ಕಿತು. ಆಗಲೇ ಹೊಸ ಹುಟ್ಟೂರೂ ಬಂತು: ಆಸ್ಟ್ರೇಲಿಯದ ಟಾಸ್ಮೇನಿಯ. ಅಷ್ಟು ದೂರ ಹೋಗಿ ಪರೀಕ್ಷೆ ಮಾಡುವವರು ಯಾರು?

ಸುಳ್ಳು ಯಾಕೆ ಬೇಕಿತ್ತು ಅಂತೀರಾ? ಬಿಳಿಯರು-ಕರಿಯರ ಪ್ರೇಮವನ್ನು ತೆರೆಯ ಮೇಲೆ ತೋರಿಸಲೂ ಆಗಿನ ಹಾಲಿವುಡ್ಡಿನ ನಿಯಮ ಬಿಡುತ್ತಿರಲಿಲ್ಲ. ನಿಜ ಹೇಳಿದ್ದರೆ ನಾಯಕಿಯ ಪಾತ್ರ ಸಿಗುವುದೇ ಅನುಮಾನವಿತ್ತು. ಬಚ್ಚಿಟ್ಟದ್ದರಿಂದ 1935ರ ‘ದಿ ಡಾರ್ಕ್ ಏಂಜೆಲ್’ ಚಿತ್ರಕ್ಕೆ ಆಸ್ಕರ್ ನಾಮಕರಣ ಬಂತು. 1939ರಲ್ಲಿ ‘ವದರಿಂಗ್ ಹೈಟ್ಸ್’ನಲ್ಲಿ ಲಾರೆನ್ಸ್ ಒಲಿವಿಯರ್ ಜೊತೆ ಕ್ಯಾಥಿಯಾದಳು. ಅದೇ ವರ್ಷ ಕೊರ್ಡಾನ ಕೈಹಿಡಿದಳು. 1942ರಲ್ಲಿ ಅವನಿಗೆ ನೈಟ್ ಪದವಿ ಬಂದಾಗ ಈಕೆ ಲೇಡಿ ಕೊರ್ಡಾ. 1945ರಲ್ಲಿ ಆ ಮದುವೆ ಮುರಿಯಿತು. ಮುಂದೆ ಮದುವೆಯಾದ ಕ್ಯಾಮೆರಾಮನ್ ಲೂಸಿಯನ್ ಬ್ಯಾಲರ್ಡ್, ಆಕೆಯ ಮುಖದ ಗಾಯದ ಕಲೆ ಕಾಣದಿರಲೆಂದು ಕ್ಯಾಮೆರಾದ ಪಕ್ಕಕ್ಕೇ ಒಂದು ದೀಪ ಕೂಡಿಸಿದ. ‘ಓಬಿ’ ಎಂಬ ಅದರ ಹೆಸರು ಸ್ಟುಡಿಯೋಗಳಲ್ಲಿ ನಿಂತಿತು.

ಗಾಯಕ್ಕೆ ದೀಪವಿತ್ತು, ತಾಯಿಗೆ? ಮನೆಗೆ ಬಂದವರೆದುರು ಶಾರ್ಲೆಟ್ ಆಳಿನಂತೆ ಇರಬೇಕಿತ್ತಂತೆ. ಆ ಮುದುಕಿ 1937ರಲ್ಲಿ ತೀರಿಕೊಂಡಳು. ಆಮೇಲೆ ಹಳೆಯ ಫೋಟೋ ಕೊಟ್ಟು ಆಕೆಯ ಚಿತ್ರ ಬರೆಸಿದಳಂತೆ ಮರ್ಲ್, ಮೈಬಣ್ಣ ಮಾತ್ರ ತಿಳಿ ಮಾಡಿಸಿ. ಪ್ರೀತಿಯೂ ಇತ್ತು, ಭಯವೂ ಇತ್ತು.

1978ರಲ್ಲಿ ಟಾಸ್ಮೇನಿಯದ ಹೋಬಾರ್ಟ್ ನಗರ ಆಕೆಯನ್ನು ಊರಮಗಳೆಂದು ಕರೆದು ಸತ್ಕರಿಸಿತು. ತನ್ನದಲ್ಲದ ಊರಿನ ಆದರ! ಮರುವರ್ಷ, 1979ರ ನವೆಂಬರ್ 23ರಂದು, ಕ್ಯಾಲಿಫೋರ್ನಿಯದಲ್ಲಿ ಆಕೆ ಕಣ್ಮುಚ್ಚಿದಳು. ಹುಟ್ಟಿನ ನಿಜ ಜಗತ್ತಿಗೆ ತಿಳಿದದ್ದು ಆಮೇಲೆ. 2023ರಲ್ಲಿ ಮಿಶೆಲ್ ಯೋಗೆ ಆಸ್ಕರ್ ಬಂದಾಗ, ಶ್ರೇಷ್ಠ ನಟಿಯ ಪಟ್ಟಿಯಲ್ಲಿದ್ದ ಮೊದಲ ಏಷ್ಯಾ ಮೂಲದವಳೆಂದು ಪತ್ರಿಕೆಗಳು ಮರ್ಲ್ ಹೆಸರನ್ನು ಮತ್ತೆ ಎತ್ತಿದವು.

ಆಕೆಯನ್ನು ಸುಳ್ಳುಗಾತಿ ಅನ್ನೋದು ಸುಲಭ. ಹುಟ್ಟಿದ ಊರನ್ನೂ ಸಾಕಿದ ತಾಯಿಯನ್ನೂ ಒತ್ತೆಯಿಟ್ಟು ಕೀರ್ತಿ ಪಡೆಯಿರಿ ಅಂತ ಹೇಳಿದ ಕಾಲವನ್ನು ಏನನ್ನೋಣ?